ಸರ್ವೆ ನಂಬರ್ 12/3 ಮಾರ್ಚ್ 12 ಆಗೋದು ಹೇಗೆ? ಫೋನಲ್ಲಿ ಲೆಕ್ಕ ಇಡೋರಿಗೆ ಒಂದಿಷ್ಟು ಮಾತು

(ಪಾಡ್‌ಕಾಸ್ಟ್ ಸಂಚಿಕೆಯ ಅಕ್ಷರ ರೂಪ)

ನಾನು ಮಂಡ್ಯ ತಾಲ್ಲೂಕಿನ ದುದ್ದ ಹೋಬಳಿಯವಳು. ಬಿ.ಕಾಂ. ಮುಗಿಸಿ ಊರಲ್ಲೇ ಲೆಕ್ಕ ಬರೆಯೋ ಕೆಲಸ ಮಾಡ್ತೀನಿ. ಸ್ವಸಹಾಯ ಸಂಘಗಳ ಉಳಿತಾಯ-ಸಾಲದ ಲೆಕ್ಕ, ಡೇರಿಗೆ ಹಾಲು ಹಾಕೋ ಮನೆಗಳ ಲೆಕ್ಕ, ಕಬ್ಬು ಕಡಿಸಿದೋರ ತೂಕದ ಚೀಟಿ, ಹೀಗೆ. ಮೊದಲು ಉದ್ದದ ಲೆಡ್ಜರ್ ಪುಸ್ತಕದಲ್ಲಿ ಬರೀತಿದ್ದೆ, ಈಗ ಬಹುಪಾಲು ಫೋನಲ್ಲಿ, ಗೂಗಲ್ ಶೀಟ್ಸ್‌ನಲ್ಲಿ. ಒಂದೊಂದ್ಸಲ ಸೊಸೈಟಿ ಕಂಪ್ಯೂಟರಲ್ಲಿ ಎಕ್ಸೆಲ್.

ಸ್ಪ್ರೆಡ್‌ಶೀಟ್ ಅಂದ ತಕ್ಷಣ ಬೆಂಗಳೂರಿನ ಆಫೀಸು, ಎಸಿ ರೂಮು ನೆನಪಾಗ್ತದೆ ನಿಮಗೆ. ಆದ್ರೆ ಒಂದ್ಸಲ ಯೋಚನೆ ಮಾಡಿ, ನಮ್ಮ ಕಡೆ ಒಂದು ಮನೆಗೆ ಒಂದು ತಿಂಗಳಲ್ಲಿ ಎಷ್ಟು ಅಂಕಿ ಬರ್ತವೆ ಅಂತ. ಹಾಲಿನ ಚೀಟಿ ದಿನಕ್ಕೆರಡು, ತಿಂಗಳಿಗೆ ಅರವತ್ತು. ಅದರಲ್ಲಿ ಪ್ರತಿಯೊಂದರಲ್ಲೂ ಲೀಟರು, ಫ್ಯಾಟು, ಎಸ್‌ಎನ್‌ಎಫ್ಫು, ದರ, ಮೊತ್ತ. ಅಂದ್ರೆ ಹಾಲೊಂದರಿಂದಲೇ ಮುನ್ನೂರು ಅಂಕಿ. ಅದರ ಮೇಲೆ ಸಂಘದ ಕಂತು, ಗೊಬ್ಬರದ ಅಂಗಡಿ ಬಾಕಿ, ಪಹಣಿ. ಇಷ್ಟು ಅಂಕಿ ಇಟ್ಕೊಂಡು ಬಟವಾಡೆ ದಿನ ಮಾತ್ರ 'ಎಷ್ಟು ಬಂತವ್ವ?' ಅಂತ ಕೇಳಿ ಸುಮ್ಮನಾಗ್ತೀವಿ.

ಇವತ್ತು ನಾನು ಎಲ್ಲ ಫಾರ್ಮುಲಾ ಹೇಳ್ಕೊಡಕ್ಕೆ ಹೋಗಲ್ಲ, ಅದಕ್ಕೆ ಯೂಟ್ಯೂಬಲ್ಲಿ ಬೇಕಾದಷ್ಟಿದೆ. ನಾನು ಹೇಳಬೇಕು ಅಂತಿರೋದು ಒಂದೇ ವಿಷಯ: ಸ್ಪ್ರೆಡ್‌ಶೀಟ್ ಊಹೆ ಮಾಡ್ತದೆ. ನೀವು ಏನಾದ್ರೂ ಟೈಪ್ ಮಾಡಿದ ತಕ್ಷಣ, ಇದು ಸಂಖ್ಯೆಯೋ, ತಾರೀಖೋ, ಬರೀ ಅಕ್ಷರವೋ ಅಂತ ನಿಮ್ಮನ್ನ ಕೇಳದೆ ಅದೇ ತೀರ್ಮಾನ ಮಾಡ್ಕೊಳ್ಳುತ್ತೆ. ಆ ಊಹೆ ಅಮೆರಿಕದ ಆಫೀಸಿನ ಲೆಕ್ಕಕ್ಕೆ ಸರಿಯಾಗಿರ್ತದೆ. ದುದ್ದದ ಲೆಕ್ಕಕ್ಕೆ ಎಷ್ಟೋ ಸಲ ತಪ್ಪು.

ಇನ್ನೊಂದು ಮಾತು. ಈ ಬರಹದಲ್ಲಿ ಫಾರ್ಮುಲಾಗಳು ನಾನು ಬಾಯಲ್ಲಿ ಹೇಳಿದ ಹಾಗೇ ಕನ್ನಡದಲ್ಲಿವೆ. ನೀವು ಶೀಟಲ್ಲಿ ಹಾಕೋವಾಗ ಎ, ಬಿ, ಸಮ್ ಎಲ್ಲವನ್ನೂ ಇಂಗ್ಲಿಷ್ ಅಕ್ಷರದಲ್ಲೇ ಟೈಪ್ ಮಾಡಿ.

ಮೊದಲು ಒಂದು ಸುಲಭದ ಪರೀಕ್ಷೆ. ಒಂದು ಖಾನೆಯಲ್ಲಿ 7.4 ಅಂತ ಹಾಕಿ. ಅದು ಬಲಗಡೆಗೆ ಹೋಗಿ ಅಂಟ್ಕೊಳ್ಳುತ್ತೆ. ಕೆಳಗಿನ ಖಾನೆಯಲ್ಲಿ '7.4 ಲೀ' ಅಂತ ಹಾಕಿ. ಅದು ಎಡಗಡೆ ನಿಲ್ಲುತ್ತೆ. ಬಲಕ್ಕೆ ವಾಲಿದ್ರೆ ಶೀಟು ಅದನ್ನ ಸಂಖ್ಯೆ ಅಂತ ತಗೊಂಡಿದೆ, ಎಡಕ್ಕೆ ವಾಲಿದ್ರೆ ಅಕ್ಷರ ಅಂತ. ಈಗ ಎರಡನ್ನೂ ಸಮ್ ಹಾಕಿ ಕೂಡಿ. ಉತ್ತರ 7.4. ಎರಡನೇದನ್ನ ಅದು ಕೂಡಲೇ ಇಲ್ಲ. ತಪ್ಪಾಯ್ತು ಅಂತ ಕೆಂಪು ಬಣ್ಣ ಇಲ್ಲ, ಕೂಗಿಲ್ಲ, ಸುಮ್ಮನೆ ಬಿಟ್ಟುಬಿಡ್ತು. ನನಗೆ ಇದೇ ಭಯ ಆಗೋದು. ತಪ್ಪನ್ನ ತೋರಿಸಿಬಿಟ್ರೆ ಸರಿ ಮಾಡ್ಬಹುದು, ಸುಮ್ಮನೆ ನುಂಗಿದ್ರೆ?

ಅದಕ್ಕೇ 'ಲೀ', 'ರೂ', 'ಕೆಜಿ' ಇವೆಲ್ಲ ಮೇಲಿನ ತಲೆಬರಹದ ಸಾಲಿಗೆ. ಕೆಳಗೆ ಬರೀ ಅಂಕಿ. ಕನ್ನಡ ಕೀಬೋರ್ಡ್ ಇಟ್ಕೊಂಡಿರೋರು ೭.೪ ಅಂತ ಕನ್ನಡ ಅಂಕಿ ಹಾಕ್ತೀರಿ, ನೋಡಕ್ಕೆ ಚೆನ್ನಾಗಿರ್ತದೆ, ನನಗೂ ಇಷ್ಟ. ಆದ್ರೆ ಕೂಡೋ ಜಾಗದಲ್ಲಿ ಬೇಡ, ಅದೂ ಎಡಕ್ಕೇ ವಾಲ್ತದೆ. ಯಾರಾದ್ರೂ ಶೀಟ್ ಕಳಿಸಿದ್ರೆ ನಾನು ಮೊದಲು ಮಾಡೋ ಕೆಲಸ, ಸಂಖ್ಯೆಯ ಕಾಲಂ ಮೇಲಿಂದ ಕೆಳಗೆ ಬೆರಳಲ್ಲಿ ಸರಿಸಿ ಯಾವುದು ಎಡಕ್ಕೆ ನಿಂತಿದೆ ಅಂತ ನೋಡೋದು. ಅರ್ಧ ನಿಮಿಷ ಸಾಕು. ಒಂದು ಎಚ್ಚರ: ಯಾರಾದ್ರೂ ಅಂದಕ್ಕೆ ಅಂತ ಎಲ್ಲವನ್ನೂ ಮಧ್ಯಕ್ಕೆ ತಂದಿಟ್ಟಿದ್ರೆ ಈ ಗುರುತು ಸಿಗಲ್ಲ. ಅಲೈನ್‌ಮೆಂಟ್ ಮೊದಲು ತೆಗೆದುಹಾಕಿ.

ಈಗ ಹಾಲಿನ ಚೀಟಿ. ಒಂದು ಚೀಟಿಗೆ ಒಂದು ಸಾಲು. ಇದು ಮುರಿಯಬಾರದ ನಿಯಮ. ಸುಮಾರು ಜನ ಕ್ಯಾಲೆಂಡರ್ ಥರ ಮಾಡ್ತಾರೆ: ಮೇಲೆ 1ರಿಂದ 30ರವರೆಗೆ ತಾರೀಖು, ಪ್ರತಿ ತಾರೀಖಿನ ಕೆಳಗೆ ಬೆಳಿಗ್ಗೆ-ಸಂಜೆ, ತಿಂಗಳಿಗೊಂದು ಬೇರೆ ಹಾಳೆ. ಗೋಡೆಗೆ ಅಂಟಿಸಕ್ಕೆ ಅದು ಸರಿ. ಲೆಕ್ಕ ಕೇಳಕ್ಕೆ ಆಗಲ್ಲ. ಎ ಕಾಲಂ ತಾರೀಖು, ಬಿ ಹೊತ್ತು (ಬೆಳಿಗ್ಗೆ ಅಥವಾ ಸಂಜೆ), ಸಿ ಯಾವ ಹಸು, ಡಿ ಲೀಟರು, ಇ ಫ್ಯಾಟು, ಎಫ್ ಎಸ್‌ಎನ್‌ಎಫ್, ಜಿ ದರ, ಎಚ್ ಮೊತ್ತ. ಅಷ್ಟೇ. ವರ್ಷ ಪೂರ್ತಿ ಒಂದೇ ಹಾಳೆ, ಕೆಳಕ್ಕೆ ಬೆಳೀತಾ ಹೋಗ್ಲಿ. ಬೇಕಾದ ತಿಂಗಳನ್ನ ಆಮೇಲೆ ಫಿಲ್ಟರ್ ಹಾಕಿ ತೆಗೀಬಹುದು. ಖಾನೆಗಳನ್ನ ಮರ್ಜ್ ಮಾಡ್ಬೇಡಿ, ಮಧ್ಯೆ ಖಾಲಿ ಸಾಲು ಬಿಡ್ಬೇಡಿ, ವಾರಕ್ಕೊಂದು 'ಒಟ್ಟು' ಸಾಲು ತೂರಿಸ್ಬೇಡಿ. ಒಟ್ಟು ಅನ್ನೋದು ಬೇರೆ ಹಾಳೆಯಲ್ಲಿರ್ಲಿ.

ತಾರೀಖಿನಲ್ಲಿ ಒಂದು ಗುಂಡಿ ಇದೆ. ಶೀಟಿನ ಸೆಟ್ಟಿಂಗ್ಸ್‌ನಲ್ಲಿ ಲೊಕೇಲ್ ಅಂತ ಇರ್ತದೆ. ಅದು ಅಮೆರಿಕ ಅಂತಿದ್ರೆ, ನೀವು 3/4/2025 ಅಂತ ಏಪ್ರಿಲ್ 3ಕ್ಕೆ ಹಾಕಿದ್ದು ಅದಕ್ಕೆ ಮಾರ್ಚ್ 4. ಹನ್ನೆರಡನೇ ತಾರೀಖಿನವರೆಗೆ ಹೀಗೆ ತಿಂಗಳು-ದಿನ ಅದಲುಬದಲಾಗ್ತಾ ಹೋಗುತ್ತೆ. 13ನೇ ತಾರೀಖಿಗೆ ಬಂದಾಗ, ಹದಿಮೂರನೇ ತಿಂಗಳು ಇಲ್ವಲ್ಲ, ಅದನ್ನ ಅಕ್ಷರ ಅಂತ ತಗೊಂಡು ಎಡಕ್ಕೆ ತಳ್ಳುತ್ತೆ. ತಿಂಗಳ ಮೊದಲ ಹನ್ನೆರಡು ದಿನದ ಹಾಲು ವರ್ಷವಿಡೀ ಹರಡಿಹೋಗಿ, ಉಳಿದ ಹದಿನೆಂಟು ದಿನ ಲೆಕ್ಕಕ್ಕೇ ಸಿಗದೆ ಕೂತಿರೋ ಶೀಟು ನಾನು ನೋಡಿದೀನಿ. ಲೊಕೇಲ್ ಇಂಡಿಯಾ ಅಂತ ಮಾಡ್ಕೊಳ್ಳಿ. ಇಲ್ಲಾ, 2025-04-03 ಅಂತ ವರ್ಷ ಮೊದಲು ಬರೀರಿ, ಆಗ ಎಲ್ಲಿ ತೆರೆದ್ರೂ ಗೊಂದಲ ಇಲ್ಲ.

ಚೀಟಿ ಹಾಕಿದ ಮೇಲೆ ಏನು ಕೇಳ್ಬಹುದು? ಮೊದಲನೇದು, ಐ ಕಾಲಂನಲ್ಲಿ =ಡಿ2*ಜಿ2-ಎಚ್2. ಲೀಟರು ಇಂಟು ದರ, ಅದರಲ್ಲಿ ಚೀಟಿಯ ಮೊತ್ತ ಕಳೆದ್ರೆ ಸೊನ್ನೆ ಬರ್ಬೇಕು, ಒಂದೆರಡು ಪೈಸೆ ಹೆಚ್ಚುಕಮ್ಮಿ. ಇದು ಯಾರನ್ನೋ ಹಿಡಿಯಕ್ಕಲ್ಲ, ಬಹುತೇಕ ಸಲ ನಾವೇ ಚೀಟಿ ನೋಡಿ ಟೈಪ್ ಮಾಡೋವಾಗ 7.4 ಬದಲು 74 ಹೊಡೆದಿದ್ದು ಇಲ್ಲಿ ಸಿಕ್ಕಿಬೀಳ್ತದೆ.

ಎರಡನೇದು ಫ್ಯಾಟಿನ ಸರಾಸರಿ. ಬೆಳಿಗ್ಗೆ 8 ಲೀಟರು, ಫ್ಯಾಟ್ 3.6. ಸಂಜೆ 4 ಲೀಟರು, ಫ್ಯಾಟ್ 4.5. ಸಾಮಾನ್ಯವಾಗಿ ಎರಡು ಕರಾವಿನ ಮಧ್ಯೆ ಅಂತರ ಕಮ್ಮಿ ಇದ್ದಾಗ ಹಾಲು ಕಮ್ಮಿ, ಫ್ಯಾಟು ಜಾಸ್ತಿ, ಅದಕ್ಕೇ ಸಂಜೆ ಹಾಲು ಗಟ್ಟಿ. ಸರಾಸರಿ ಎಷ್ಟು? ಆವರೇಜ್ ಹಾಕಿದ್ರೆ 4.05 ಅನ್ನುತ್ತೆ. ಅದು ನಿಮ್ಮ ಮನೆಯ ಹಾಲಿನ ಫ್ಯಾಟ್ ಅಲ್ಲ. ಎರಡೂ ಹಾಲನ್ನ ಒಂದೇ ಕ್ಯಾನಿಗೆ ಸುರಿದ್ರೆ ಬರೋದು 3.9, ಯಾಕಂದ್ರೆ ಬೆಳಗಿನ ಹಾಲು ಎರಡು ಪಟ್ಟು ಇದೆ. ಇದಕ್ಕೆ ಸಮ್‌ಪ್ರಾಡಕ್ಟ್: =ಸಮ್‌ಪ್ರಾಡಕ್ಟ್(ಡಿ2:ಡಿ61,ಇ2:ಇ61)/ಸಮ್(ಡಿ2:ಡಿ61). ನೋಡಕ್ಕೆ ಉದ್ದ, ಅರ್ಥ ಸರಳ. ಪ್ರತಿ ಚೀಟಿಯ ಲೀಟರನ್ನ ಅದರದೇ ಫ್ಯಾಟಿನಿಂದ ಗುಣಿಸು, ಎಲ್ಲ ಕೂಡು, ಒಟ್ಟು ಲೀಟರಿಂದ ಭಾಗಿಸು. ದರ ಫ್ಯಾಟು, ಎಸ್‌ಎನ್‌ಎಫ್ ನೋಡಿ ನಿಗದಿ ಆಗೋದ್ರಿಂದ ಇದು ಬರೀ ಪರೀಕ್ಷೆಗೆ ಓದೋ ಲೆಕ್ಕ ಅಲ್ಲ.

ಇದರಿಂದ ಏನು ಪ್ರಯೋಜನ ಅಂತ ಕೇಳ್ತೀರಿ. ನಮ್ಮೂರ ಪಕ್ಕದ ಒಂದು ಮನೆ. ಎರಡು ಹಸು, ಒಂದು ಎಚ್‌ಎಫ್ ಕ್ರಾಸು, ಒಂದು ಜೆರ್ಸಿ. ಹೆಣ್ಣುಮಗಳೇ ನೋಡ್ಕೊಳ್ಳೋದು. ಮಗಳ ಕಾಲೇಜು ಫೀಸಿಗೆ ಒಂದನ್ನ ಮಾರ್ಬೇಕು ಅಂತ ಆಯ್ತು. ಜೆರ್ಸಿ ಕಮ್ಮಿ ಕೊಡ್ತದೆ, ಅದನ್ನೇ ಮಾರೋಣ ಅಂತ ಮನೆಯೋರು. 'ಲೀಟರು ನೋಡಿ ಹೇಳ್ತಾರೆ ಕಣವ್ವ, ಬೂಸಾ ಹಾಕೋಳು ನಾನು' ಅಂದ್ರು ಆಕೆ. ಸರಿ, ಒಂದು ತಿಂಗಳು ಬರೆಯೋಣ ಅಂತ ಕೂತ್ವಿ. ಹಾಲನ್ನ ಬೇರೆ ಬೇರೆ ಕ್ಯಾನಲ್ಲಿ ಒಯ್ದು ಎರಡು ಚೀಟಿ ಮಾಡಿಸ್ಕೊಂಡ್ವಿ. ಡೇರಿಯೋರು ಗೊಣಗಿದ್ರು, ಆಮೇಲೆ ಒಪ್ಕೊಂಡ್ರು. ಇನ್ನೊಂದು ಹಾಳೆಯಲ್ಲಿ ಖರ್ಚು: ಪಶು ಆಹಾರ, ಬೂಸಾ, ಹಿಂಡಿ, ಡಾಕ್ಟ್ರು, ಯಾವ ಹಸುಗೆ ಅಂತ ಸಮೇತ. ಕೊನೆಗೆ ಸಮ್‌ಇಫ್ ಹಾಕಿ ಸಿ ಕಾಲಂನಲ್ಲಿ 'ಜೆರ್ಸಿ' ಇರೋ ಸಾಲುಗಳ ಮೊತ್ತ ಎಷ್ಟು, 'ಎಚ್‌ಎಫ್' ಇರೋವು ಎಷ್ಟು ಅಂತ ತೆಗೆದ್ವಿ. ಖರ್ಚು ಕಳೆದ ಮೇಲೆ ಎರಡರಿಂದಲೂ ಕೈಗೆ ಉಳಿಯೋದು ಹೆಚ್ಚುಕಮ್ಮಿ ಒಂದೇ. ಎಚ್‌ಎಫ್‌ಗೆ ಸಂತೇಲಿ ಬೆಲೆ ಮಾತ್ರ ಜಾಸ್ತಿ. ಯಾವುದನ್ನ ಮಾರಿದ್ರು ಅಂತ ಬಿಡಿಸಿ ಹೇಳ್ಬೇಕಾಗಿಲ್ಲ.

ಫಾರ್ಮುಲಾ ಎಲ್ಲಿವರೆಗೆ ಹೋಗುತ್ತೆ ಅನ್ನೋದನ್ನೂ ನೋಡ್ಕೋಬೇಕು. 2010ರಲ್ಲಿ ಇಬ್ಬರು ದೊಡ್ಡ ಅರ್ಥಶಾಸ್ತ್ರಜ್ಞರು, ಕಾರ್ಮೆನ್ ರೈನ್‌ಹಾರ್ಟ್ ಮತ್ತು ಕೆನೆತ್ ರೋಗಾಫ್, ದೇಶಗಳ ಸಾಲದ ಮೇಲೆ ಒಂದು ಪ್ರಬಂಧ ಬರೆದ್ರು. ಸಾಲ ಜಾಸ್ತಿಯಾದ್ರೆ ಬೆಳವಣಿಗೆ ಬಿದ್ದುಹೋಗುತ್ತೆ ಅಂತ. ಸರ್ಕಾರಗಳು ಖರ್ಚು ಕಡಿತ ಮಾಡಕ್ಕೆ ಅದನ್ನೇ ತೋರಿಸಿದ್ವು. 2013ರಲ್ಲಿ ಅಮೆರಿಕದ ಮ್ಯಾಸಚೂಸೆಟ್ಸ್ ವಿಶ್ವವಿದ್ಯಾಲಯದ ಥಾಮಸ್ ಹರ್ನ್‌ಡನ್ ಅನ್ನೋ ವಿದ್ಯಾರ್ಥಿ ಅವರ ಎಕ್ಸೆಲ್ ಫೈಲನ್ನೇ ಇಸ್ಕೊಂಡು ನೋಡಿದ. ಸರಾಸರಿ ತೆಗೆಯೋ ಫಾರ್ಮುಲಾ 30ನೇ ಸಾಲಿಂದ 49ರವರೆಗೆ ಹೋಗೋ ಬದಲು 44ಕ್ಕೇ ನಿಂತಿತ್ತು. ಐದು ದೇಶ ಹೊರಗೆ! ಆ ಪ್ರಬಂಧದ ಬಗ್ಗೆ ಬೇರೆ ತಕರಾರುಗಳೂ ಇದ್ವು, ಅದು ಬೇರೆ ಮಾತು. ಅಷ್ಟು ದೊಡ್ಡವರಿಗೇ ಹಿಂಗಾದ್ರೆ ಹತ್ತು ಹೊಸ ಚೀಟಿ ಹಾಕಿ ಸಮ್ ಅನ್ನ ಹಳೇ ಸಾಲಿಗೇ ಬಿಡೋದು ನಮಗೆಷ್ಟು ಹೊತ್ತಿನ ಕೆಲಸ? ಗೂಗಲ್ ಶೀಟ್ಸ್‌ನಲ್ಲಿ ಡಿ2:ಡಿ61 ಅನ್ನೋ ಬದಲು ಡಿ2:ಡಿ ಅಂತ ಬರೀರಿ. ಕೊನೆ ಸಾಲಿನ ನಂಬರ್ ಬಿಟ್ರೆ ಕೆಳಗೆ ಎಷ್ಟು ಸೇರಿಸಿದ್ರೂ ಅದು ಹಿಡ್ಕೊಳ್ಳುತ್ತೆ. ಒಟ್ಟು ಬೇರೆ ಹಾಳೆಯಲ್ಲಿರ್ಲಿ ಅಂದಿದ್ದು ಇದಕ್ಕೂ ಸೇರಿ.

ಕಬ್ಬಿನೋರಿಗೆ ಒಂದೇ ಮಾತು ಹೇಳಿ ಮುಂದೆ ಹೋಗ್ತೀನಿ. ಎಫ್‌ಆರ್‌ಪಿ ಕ್ವಿಂಟಾಲಿಗೆ ಹೇಳ್ತಾರೆ, 2025-26ರ ಹಂಗಾಮಿಗೆ 10.25 ಪರ್ಸೆಂಟ್ ಇಳುವರಿಗೆ 355 ರೂಪಾಯಿ. ನಿಮ್ಮ ತೂಕದ ಚೀಟಿ ಟನ್ನಲ್ಲಿರ್ತದೆ. ಕಾಲಂ ತಲೆಬರಹದಲ್ಲಿ ಟನ್ನೋ ಕ್ವಿಂಟಾಲೋ ಅಂತ ಬರೆದಿಡಿ.

ಈಗ ಇನ್ನೊಂದು ಥರದ ಸಂಖ್ಯೆ. ಲೀಟರು, ರೂಪಾಯಿ ಇವು ಕೂಡೋ ಸಂಖ್ಯೆಗಳು. ಬ್ಯಾಂಕ್ ಖಾತೆ ನಂಬರ್, ಫೋನ್ ನಂಬರ್, ಸರ್ವೆ ನಂಬರ್ ಇವನ್ನ ಯಾರಾದ್ರೂ ಕೂಡ್ತಾರಾ? ಇವು ಅಂಕಿಯಲ್ಲಿ ಬರೆದ ಹೆಸರುಗಳು. ನಿಮ್ಮ ಹೆಸರನ್ನ ನನ್ನ ಹೆಸರಿಂದ ಗುಣಿಸೋಕಾಗಲ್ಲ, ಹಂಗೇ ಇವೂನೂ. ಆದ್ರೆ ಶೀಟಿಗೆ ಇದು ಗೊತ್ತಿಲ್ಲ.

ಎಕ್ಸೆಲ್ ಒಂದು ಸಂಖ್ಯೆಯಲ್ಲಿ ನೆನಪಿಟ್ಕೊಳ್ಳೋದು ಹದಿನೈದು ಅಂಕಿ ಮಾತ್ರ. ಕೆಲವು ಬ್ಯಾಂಕುಗಳ ಖಾತೆ ನಂಬರ್ 16 ಅಂಕಿ ಇರ್ತದೆ. ಅದನ್ನ ಸುಮ್ಮನೆ ಟೈಪ್ ಮಾಡಿದ್ರೆ ಹದಿನಾರನೇ ಅಂಕಿ ಸೊನ್ನೆ ಆಗಿಬಿಡ್ತದೆ. ಮುಂದೆ ಸೊನ್ನೆ ಇರೋ ನಂಬರಾದ್ರೆ ಆ ಸೊನ್ನೆ ಮಾಯ. ಹನ್ನೆರಡು ಅಂಕಿ ಹಾಕಿದ್ರೆ 1.23457ಇ+11 ಅಂತ ಏನೋ ವಿಚಿತ್ರ ತೋರಿಸ್ತದೆ. ಒಂದು ಸಂಘದಲ್ಲಿ ಮೂವರು ಹೆಂಗಸರಿಗೆ ದುಡ್ಡು ಜಮಾ ಆಗ್ದೆ ಎರಡು ತಿಂಗಳು ಅಲೆದಾಡಿದ್ರು. 'ನಮ್ಮದು ಸರಿಯಾಗೇ ಕೊಟ್ಟಿದೀವಿ' ಅಂತ ಅವರು, 'ಲಿಸ್ಟಲ್ಲಿರೋ ಖಾತೆ ಇಲ್ವಲ್ಲಮ್ಮ' ಅಂತ ಬ್ಯಾಂಕಿನೋರು. ಇಬ್ಬರೂ ಹೇಳಿದ್ದು ನಿಜ. ಮೂರು ಖಾತೆಯ ಕೊನೆಯಲ್ಲೂ ಸೊನ್ನೆ ಕೂತಿತ್ತು.

ಪರಿಹಾರ: ಟೈಪ್ ಮಾಡೋಕೆ ಮುಂಚೆ ಆ ಕಾಲಂ ಪೂರ್ತಿ ಸೆಲೆಕ್ಟ್ ಮಾಡಿ ಫಾರ್ಮ್ಯಾಟ್ ಅನ್ನ ಪ್ಲೇನ್ ಟೆಕ್ಸ್ಟ್ ಮಾಡಿ. ಮುಂಚೆ ಅನ್ನೋದು ಮುಖ್ಯ, ಅಂಕಿ ಹೋದ ಮೇಲೆ ಟೆಕ್ಸ್ಟ್ ಮಾಡಿದ್ರೆ ಹೋಗಿದ್ದು ವಾಪಸ್ ಬರಲ್ಲ. ಒಂದೇ ಖಾನೆಯಾದ್ರೆ ನಂಬರಿನ ಮುಂದೆ ಒಂದು ಒಂಟಿ ಉದ್ಧರಣ ಚಿಹ್ನೆ, ಅಪಾಸ್ಟ್ರಫಿ, ಹಾಕಿದ್ರೂ ಆಯ್ತು. ಐಎಫ್‌ಎಸ್‌ಸಿ ಕೋಡು ಯಾವಾಗಲೂ ಹನ್ನೊಂದು ಅಕ್ಷರ, ಐದನೇದು ಯಾವಾಗಲೂ ಸೊನ್ನೆ. ಜನ ಅಲ್ಲಿ ಇಂಗ್ಲಿಷಿನ 'ಓ' ಹಾಕ್ತಾರೆ. ಪಕ್ಕದ ಕಾಲಂನಲ್ಲಿ =ಲೆನ್(ಎ2) ಅಂತ ಹಾಕಿದ್ರೆ ಎಷ್ಟು ಅಕ್ಷರ ಇದೆ ಅಂತ ಹೇಳ್ತದೆ. 11 ಬಾರದ ಸಾಲು ಮಾತ್ರ ನೋಡಿದ್ರೆ ಸಾಕು. ಆ 'ಓ' ಮಾತ್ರ ಲೆನ್‌ಗೆ ಸಿಗಲ್ಲ, ಕಣ್ಣಲ್ಲೇ ನೋಡ್ಬೇಕು.

ಸರ್ವೆ ನಂಬರಿನದು ಇನ್ನೂ ತಮಾಷೆ. 12/3 ಅಂತ ಹಾಕಿ ಎಂಟರ್ ಒತ್ತಿದ್ರೆ ಎಕ್ಸೆಲ್ ಅದನ್ನ ಮಾರ್ಚ್ 12 ಮಾಡ್ತದೆ. ಅಯ್ಯೋ ಅಂತ ಅದನ್ನ ಟೆಕ್ಸ್ಟ್ ಮಾಡಕ್ಕೆ ಹೋದ್ರೆ 45728 ಅಂತ ಬರ್ತದೆ. 2025ರಲ್ಲಿ ಟೈಪ್ ಮಾಡಿದ್ರೆ ಈ ನಂಬರು, ಬೇರೆ ವರ್ಷವಾದ್ರೆ ಬೇರೆ. ಏನಿದು? ಎಕ್ಸೆಲ್ ತಾರೀಖುಗಳನ್ನ ಒಳಗೆ 1900ರ ಜನವರಿ 1ರಿಂದ ದಿನ ಎಣಿಸಿ ಇಡ್ತದೆ. ನಿಮ್ಮ ಜಮೀನು ಈಗ ನಲವತ್ತೈದು ಸಾವಿರ ಚಿಲ್ಲರೆ ದಿನಗಳಾಗಿ ಕೂತಿದೆ. 45/2, 112/3 ಇಂಥವು ಹಾಗೇ ಉಳಿಯೋದ್ರಿಂದ ಒಂದೇ ಕಾಲಂನಲ್ಲಿ ಅರ್ಧ ಸರ್ವೆ ನಂಬರು, ಅರ್ಧ ತಾರೀಖು.

ಇದು ನಮ್ಮೂರ ಗೋಳು ಮಾತ್ರ ಅಲ್ಲ. ಮನುಷ್ಯನ ಜೀನುಗಳಿಗೆ ವಿಜ್ಞಾನಿಗಳು ಇಟ್ಟಿರೋ ಹೆಸರುಗಳಲ್ಲಿ 'ಮಾರ್ಚ್1', 'ಸೆಪ್ಟ್1' ಅಂತ ಇದ್ವು. ಎಕ್ಸೆಲ್ ಅವನ್ನೂ ತಾರೀಖು ಮಾಡ್ತಾ ಬಂತು, ಪ್ರಕಟವಾದ ಸಂಶೋಧನೆಗಳ ಪಟ್ಟಿಯಲ್ಲೂ ಹಂಗೇ ಉಳೀತು. ಕೊನೆಗೆ 2020ರಲ್ಲಿ ಜೀನುಗಳಿಗೆ ಹೆಸರಿಡೋ ಅಂತರರಾಷ್ಟ್ರೀಯ ಸಮಿತಿ ಜೀನುಗಳ ಹೆಸರನ್ನೇ ಬದಲಾಯಿಸ್ತು. 'ಸೆಪ್ಟ್1' ಹೋಗಿ 'ಸೆಪ್ಟಿನ್1' ಆಯ್ತು. ನಾವು ನಮ್ಮ ಸರ್ವೆ ನಂಬರ್ ಬದಲಾಯಿಸೋ ಹಂಗಿಲ್ಲ. ಪಹಣಿಯಲ್ಲಿರೋ ಹಾಗೆ ಸರ್ವೆ ನಂಬರಿಗೆ ಒಂದು ಕಾಲಂ, ಹಿಸ್ಸಾಗೆ ಒಂದು ಕಾಲಂ ಮಾಡಿಬಿಡಿ. ಓರೆಗೆರೆಯೇ ಬೇಡ.

ಪಹಣಿ ಅಂತ ಬಂದ ಮೇಲೆ ನನಗೆ ಎಲ್ಲಕ್ಕಿಂತ ಮುಖ್ಯ ಅನ್ನಿಸೋ ಮಾತು ಹೇಳ್ಬೇಕು. ಎಕರೆ-ಗುಂಟೆ.

ಪಹಣಿಯಲ್ಲಿ ವಿಸ್ತೀರ್ಣ 2.20 ಅಂತ ಇದ್ರೆ ಅದು ಎರಡೂ ಕಾಲು ಎಕರೆಗಿಂತ ಕಮ್ಮಿ ಏನೋ ಅಲ್ಲ. ಎರಡು ಎಕರೆ ಇಪ್ಪತ್ತು ಗುಂಟೆ. ನಲವತ್ತು ಗುಂಟೆಗೆ ಒಂದು ಎಕರೆ, ಅಂದ್ರೆ ಇದು ಎರಡೂವರೆ ಎಕರೆ. ಆ ಚುಕ್ಕಿ ದಶಮಾಂಶದ ಚುಕ್ಕಿ ಅಲ್ಲ, ಮಧ್ಯೆ ಬಿಡಿಸಕ್ಕೆ ಇಟ್ಟ ಗುರುತು. ಹಳ್ಳಿಯಲ್ಲಿ ಇದು ಓದು ಬಾರದ ಅಜ್ಜನಿಗೂ ಗೊತ್ತು. ಗೊತ್ತಿಲ್ಲದಿರೋದು ಸ್ಪ್ರೆಡ್‌ಶೀಟಿಗೆ. 2.20 ಅಂತ ಹಾಕಿದ ತಕ್ಷಣ ಕೊನೆಯ ಸೊನ್ನೆ ಬೇಡದ ವಸ್ತು ಅಂತ ಕಿತ್ತು 2.2 ಮಾಡ್ತದೆ. ಈಗ ಅದು ಎರಡು ಎಕರೆ ಇಪ್ಪತ್ತು ಗುಂಟೆಯೋ, ಎರಡು ಎಕರೆ ಎರಡು ಗುಂಟೆಯೋ?

ಒಂದು ಮನೆಯಲ್ಲಿ ಅಣ್ಣತಮ್ಮಂದಿರ ಭಾಗದ ಮಾತುಕತೆ. ಮೂರು ಜನ. ನಾಲ್ಕು ತುಂಡು ಜಮೀನು: 1.30, 0.25, 2.20, 1.05. ದೊಡ್ಡಣ್ಣನ ಮಗ ಓದಿದೋನು, ಫೋನಲ್ಲಿ ಶೀಟ್ ಮಾಡಿ, ಕೂಡಿ, ಮೂರರಿಂದ ಭಾಗಿಸಿ ಮನೆಯ ವಾಟ್ಸಾಪ್ ಗ್ರೂಪಿಗೆ ಹಾಕಿದ. ಒಟ್ಟು 4.8, ಒಬ್ಬೊಬ್ಬರಿಗೆ 1.6. ಅವನ ಉದ್ದೇಶ ಒಳ್ಳೇದೇ. ಆದ್ರೆ ಗ್ರೂಪಲ್ಲಿ ಏನಾಯ್ತು ನೋಡಿ. ಬೆಂಗಳೂರಲ್ಲಿರೋ ಚಿಕ್ಕಪ್ಪ 1.6 ಅಂದ್ರೆ ಒಂದು ಎಕರೆ ಮತ್ತು ಹತ್ತರಲ್ಲಿ ಆರು ಪಾಲು ಅಂತ ಓದ್ಕೊಂಡ್ರು: ಒಂದು ಎಕರೆ ಇಪ್ಪತ್ನಾಲ್ಕು ಗುಂಟೆ. ಊರಲ್ಲಿರೋ ನಡುವಿನವರು ಒಂದು ಎಕರೆ ಅರವತ್ತು ಗುಂಟೆ, ಅಂದ್ರೆ ಎರಡೂವರೆ ಎಕರೆ ಅಂತ ಖುಷಿಯಾದ್ರು. 'ಒಂದು ಎಕರೆ ಆರು ಗುಂಟೆನಾ? ಮಿಕ್ಕಿದ್ದೆಲ್ಲ ಯಾರಿಗೆ ಬರ್ಕೊಟ್ರಿ?' ಅಂತ ಇನ್ನೊಬ್ಬರ ಹೆಂಡತಿ. ಸಂಜೆಯೊಳಗೆ ಹಳೇ ಜಗಳ ಎಲ್ಲ ಮೇಲೆ ಬಂದ್ವು. ಯಾವತ್ತೋ ಅಪ್ಪನ ಆಸ್ಪತ್ರೆ ಖರ್ಚು ಯಾರು ಕೊಟ್ರು ಅನ್ನೋದೂ ಬಂತು.

ಆಮೇಲೆ ಅವರಲ್ಲೊಬ್ಬರು ನನ್ನ ಹತ್ರ ಬಂದು 'ಒಂದ್ಸಲ ನೀನು ಹಾಕ್ಕೊಡವ್ವ' ಅಂದ್ರು. ಮಾಡೋದು ಇಷ್ಟೇ. ಎಕರೆಗೆ ಎ ಕಾಲಂ, ಗುಂಟೆಗೆ ಬಿ ಕಾಲಂ, ಯಾವ ಕಾರಣಕ್ಕೂ ಒಂದೇ ಖಾನೆಯಲ್ಲಿ ಬೇಡ. ಸಿ ಕಾಲಂನಲ್ಲಿ =ಎ2*40+ಬಿ2, ಎಲ್ಲವನ್ನೂ ಗುಂಟೆ ಮಾಡಕ್ಕೆ. 1.30 ಅಂದ್ರೆ 70 ಗುಂಟೆ. 0.25 ಅಂದ್ರೆ 25. 2.20 ಅಂದ್ರೆ 100. 1.05 ಅಂದ್ರೆ 45. ಒಟ್ಟು 240 ಗುಂಟೆ. ಸರಿಯಾಗಿ ಆರು ಎಕರೆ. ಮೂವರಿಗೆ ಭಾಗ ಮಾಡಿದ್ರೆ ತಲಾ 80 ಗುಂಟೆ, ಎರಡೆರಡು ಎಕರೆ. ಚುಕ್ಕೆ ಇಲ್ಲ, ಚಿಲ್ಲರೆ ಇಲ್ಲ.

ಈಗ ಆ 1.6 ಅನ್ನ ತೂಗಿ ನೋಡಿ. ಚಿಕ್ಕಪ್ಪನ ಓದಿನ ಪ್ರಕಾರ ಮೂವರ ಪಾಲು ಕೂಡಿದ್ರೆ 192 ಗುಂಟೆ, 48 ಗುಂಟೆ ಗಾಳಿಗೆ ಹೋಯ್ತು. ನಡುವಿನವರ ಪ್ರಕಾರ 300 ಗುಂಟೆ, ಇಲ್ಲದ 60 ಗುಂಟೆ ಎಲ್ಲಿಂದಲೋ ಹುಟ್ಕೊಂಡ್ತು. ಒಂದು ಗುಂಟೆ ಅಂದ್ರೆ 33 ಅಡಿಗೆ 33 ಅಡಿ, 1,089 ಚದರ ಅಡಿ. 48 ಗುಂಟೆ ಅಂದ್ರೆ ಒಂದು ಎಕರೆ ಎಂಟು ಗುಂಟೆ. ಯಾರೂ ಯಾರಿಗೂ ಮೋಸ ಮಾಡಿರ್ಲಿಲ್ಲ. ಒಂದು ಚುಕ್ಕಿಯನ್ನ ಫೋನು ಒಂದು ಥರ ಓದ್ತು, ಮನೆಯೋರು ಮೂರು ಥರ ಓದಿದ್ರು.

ಗುಂಟೆ ಲೆಕ್ಕವನ್ನ ವಾಪಸ್ ಎಕರೆ-ಗುಂಟೆ ಮಾಡಕ್ಕೆ ಎರಡು ಫಾರ್ಮುಲಾ. =ಇಂಟ್(ಸಿ2/40) ಪೂರ್ತಿ ಎಕರೆ ಕೊಡ್ತದೆ. =ಮಾಡ್(ಸಿ2,40) ಉಳಿದ ಗುಂಟೆ. ಈ ಮಾಡ್ ಅನ್ನೋದು ನಮ್ಮ 'ಮಾಡು' ಅಲ್ಲ, ಎಂ-ಓ-ಡಿ, ಶೇಷ ಹೇಳೋ ಫಾರ್ಮುಲಾ. ಪಹಣಿಯಲ್ಲಿ ಗುಂಟೆಯ ಮುಂದೆ ಆಣೆಯೂ ಇದ್ರೆ ಹದಿನಾರು ಆಣೆಗೆ ಒಂದು ಗುಂಟೆ, ಅದಕ್ಕೊಂದು ಕಾಲಂ. ಖರಾಬು ಇದ್ರೆ ಅದಕ್ಕೂ ಬೇರೆ ಕಾಲಂ, ಕಳೆಯೋದು ಕಣ್ಣಿಗೆ ಕಾಣೋ ಹಾಗಿರ್ಲಿ. ಬಿ ಕಾಲಂನಲ್ಲಿ ಡೇಟಾ ವ್ಯಾಲಿಡೇಶನ್ ಹಾಕಿ 0ಯಿಂದ 39ರವರೆಗೆ ಮಾತ್ರ ತಗೋ ಅಂತ ಹೇಳ್ಬಹುದು. ಯಾರಾದ್ರೂ 45 ಗುಂಟೆ ಅಂತ ಹಾಕಿದ್ರೆ ಶೀಟೇ ಬೇಡ ಅನ್ನುತ್ತೆ. ಊಹೆ ಮಾಡೋ ಯಂತ್ರಕ್ಕೆ ನಾವು ನಮ್ಮ ಅಳತೆಯನ್ನ ಹೀಗೇ ಕಲಿಸ್ಬೇಕು.

ಇನ್ನು ಕನ್ನಡದ ಹೆಸರುಗಳು. ನಮಗೆ ಚೆನ್ನಮ್ಮ, ಚನ್ನಮ್ಮ ಒಬ್ಬರೇ. ಶೀಟಿಗೆ ಇಬ್ಬರು. ಹೆಸರಿನ ಕೊನೆಯಲ್ಲಿ ಒಂದು ಖಾಲಿ ಸ್ಪೇಸ್ ಉಳಿದ್ರೂ ಬೇರೆ ಮನುಷ್ಯ. ಸ್ಪೇಸಿಗೆ ಟ್ರಿಮ್ ಅನ್ನೋ ಫಾರ್ಮುಲಾ ಇದೆ, ಕಾಗುಣಿತಕ್ಕೆ ಇಲ್ಲ. ಇನ್ನೊಂದು ಕಡೆ, ಒಂದೇ ಊರಲ್ಲಿ ಜಯಮ್ಮ ಅನ್ನೋರು ನಾಲ್ಕು ಜನ, ಕೋಂ, ಬಿನ್ ಹಾಕಿದ್ರೂ ಬಿಡಿಸಕ್ಕಾಗಲ್ಲ. ಅದಕ್ಕೇ ಡೇರಿಯಲ್ಲಿ ಸದಸ್ಯ ಸಂಖ್ಯೆ ಇರೋದು. ಹೆಸರಿನ ಮೇಲೆ ಲೆಕ್ಕ ಹುಡುಕ್ಬೇಡಿ, ಸದಸ್ಯ ಸಂಖ್ಯೆಯ ಮೇಲೆ ಹುಡುಕಿ. ಹೆಸರು ಓದೋರಿಗೆ ಇರ್ಲಿ.

ಹಳೇ ಫೈಲ್ ತೆರೆದ್ರೆ ಕನ್ನಡದ ಬದಲು ಇಂಗ್ಲಿಷ್ ಅಕ್ಷರ, ಚಿಹ್ನೆಗಳ ರಾಶಿ ಕಾಣ್ತದೆ ಅಂತ ತುಂಬ ಜನ ಕೇಳ್ತಾರೆ. ಎರಡು ಕಾರಣ ಇರ್ಬಹುದು. ಅದು ಯೂನಿಕೋಡ್ ಬರೋಕೆ ಮುಂಚಿನ ನುಡಿ ಅಥವಾ ಬರಹ ಫಾಂಟಿನದಾದ್ರೆ ಪರಿವರ್ತಕ ಹಾಕಿ ಯೂನಿಕೋಡ್ ಮಾಡ್ಕೋಬೇಕು. ಸಿಎಸ್‌ವಿ ಫೈಲಾದ್ರೆ ಫೈಲು ಸರಿಯಾಗೇ ಇರ್ತದೆ, ಎಕ್ಸೆಲ್ ತಪ್ಪಾಗಿ ತೆರೀತಿರ್ತದೆ. ಡಬಲ್ ಕ್ಲಿಕ್ ಮಾಡಿ ತೆರೀಬೇಡಿ, ಡೇಟಾ ಮೆನುವಿನಿಂದ ಇಂಪೋರ್ಟ್ ಮಾಡಿ, ಯುಟಿಎಫ್-8 ಅಂತ ಆರಿಸಿ. ಇಲ್ಲಾ, ಗೂಗಲ್ ಶೀಟ್ಸ್‌ಗೆ ಹಾಕಿ ನೋಡಿ. ಅಕ್ಷರ ಕೆಟ್ಟು ಕಾಣ್ತಿರೋವಾಗ ಸೇವ್ ಮಾತ್ರ ಒತ್ತಬೇಡಿ.

ಯಾವ ಶೀಟೇ ಸಿಕ್ಲಿ, ನಾನು ಮೊದಲು ಅದರ ಒಂದು ಪ್ರತಿ ಮಾಡಿ 'ಮೂಲ' ಅಂತ ಹೆಸರಿಟ್ಟು ಬದಿಗಿಡ್ತೀನಿ. ಕೆಲಸ ಎಲ್ಲ ಇನ್ನೊಂದರಲ್ಲಿ. ಗೂಗಲ್ ಶೀಟ್ಸ್‌ನಲ್ಲಿ ವರ್ಷನ್ ಹಿಸ್ಟರಿ ಇದೆ, ಯಾರು ಯಾವತ್ತು ಏನು ಬದಲಾಯಿಸಿದ್ರು ಅಂತ ಕಂಪ್ಯೂಟರಲ್ಲಿ ತೆರೆದು ನೋಡ್ಬಹುದು, ಹಳೇದಕ್ಕೆ ವಾಪಸ್ ಹೋಗ್ಬಹುದು. ಸಂಘದ ಲೆಕ್ಕದಲ್ಲಿ ಇದು ದೊಡ್ಡ ರಕ್ಷಣೆ, ಬರೆಯೋಳಿಗೂ ಸೇರಿ.

ಕೊನೇದು, ಹಂಚ್ಕೊಳ್ಳೋದರ ಬಗ್ಗೆ. ಸಂಘದ ಇಪ್ಪತ್ತು ಜನರ ಹೆಸರು, ಆಧಾರ್, ಖಾತೆ, ಫೋನ್ ನಂಬರ್ ಇರೋ ಶೀಟಿನ ಲಿಂಕನ್ನ 'ಲಿಂಕ್ ಇರೋ ಯಾರು ಬೇಕಾದ್ರೂ ನೋಡ್ಬಹುದು' ಅಂತ ಇಟ್ಟು ವಾಟ್ಸಾಪ್ ಗ್ರೂಪಿಗೆ ಹಾಕೋದು ಈಗ ಮಾಮೂಲಿ ಆಗ್ಬಿಟ್ಟಿದೆ. ಆ ಲಿಂಕ್ ಆ ಗ್ರೂಪಲ್ಲೇ ಇರ್ತದೆ ಅಂತ ಯಾರು ಹೇಳಿದ್ರು? ಲೆಕ್ಕಕ್ಕೆ ಪೂರ್ತಿ ಆಧಾರ್ ಸಂಖ್ಯೆ ಬೇಕೇ ಅಂತ ಕೇಳ್ಕೊಳ್ಳಿ, ಬಹುತೇಕ ಬೇಕಾಗಿರಲ್ಲ. ಗುರುತಿಗೆ ಕೊನೆಯ ನಾಲ್ಕು ಅಂಕಿ ಸಾಕು, ಅದಕ್ಕೆ =ರೈಟ್(ಎ2,4). ಆ ನಾಲ್ಕಂಕಿಯನ್ನ ಕಾಪಿ ಮಾಡಿ 'ವ್ಯಾಲ್ಯೂ ಮಾತ್ರ' ಅಂತ ಪೇಸ್ಟ್ ಮಾಡಿ, ಆಮೇಲೆ ಪೂರ್ತಿ ನಂಬರಿರೋ ಕಾಲಂ ಅಳಿಸಿ. ಹಳೇ ಆವೃತ್ತಿಯಲ್ಲಿ ಅದು ಉಳಿದೇ ಇರೋದ್ರಿಂದ ಗ್ರೂಪಿಗೆ ಕಳಿಸೋದಕ್ಕೆ ಹೊಸ ಶೀಟನ್ನೇ ಮಾಡಿ, ಬೇಕಾದ ಕಾಲಂ ಮಾತ್ರ ಅಲ್ಲಿಗೆ ಒಯ್ಯಿರಿ. ಲಿಂಕಿನ ಬದಲು ಇಮೇಲ್ ಹಾಕಿ ಇಂಥಿಂಥವರಿಗೆ ಮಾತ್ರ ಅಂತ ಕೊಡಿ. ಹಳೇ ಗ್ರೂಪುಗಳಲ್ಲಿ ಈಗಾಗಲೇ ಅಂಥ ಲಿಂಕ್ ಹಾಕಿದ್ರೆ ಈ ಸಂಚಿಕೆ ಮುಗಿದ ತಕ್ಷಣ ಶೀಟ್ ತೆರೆದು ಶೇರಿಂಗ್ ಅನ್ನ 'ರಿಸ್ಟ್ರಿಕ್ಟೆಡ್' ಮಾಡಿ, ಎರಡು ನಿಮಿಷದ ಕೆಲಸ.